ಝರೆಪ್ಪ ಕಾಕಾ ಎಣಿಕೆ ಬಿಟ್ಟ ದಿನ

ಝರೆಪ್ಪ ಕಾಕಾ ಮೋಟಾರಿನ ತಂತಿ ಸುತ್ತಲು ಕೂತರೆ ಅಂಗಡಿಗೆ ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ಬಲಗೈ ಮಷೀನಿನ ಹಿಡಿಕೆ ತಿರುಗಿಸುತ್ತಿತ್ತು, ಎಡಗೈ ಬೆರಳುಗಳ ನಡುವೆ ತಾಮ್ರದ ತಂತಿ ಜಾರುತ್ತಿತ್ತು, ತುಟಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಮಾತಾಡಿಸಿದರೆ ಗದ್ದವನ್ನು ಒಂದಿಷ್ಟು ಮೇಲೆತ್ತಿ ಎದುರಿನ ಬೆಂಚು ತೋರಿಸುತ್ತಿದ್ದರು. ಕೂತುಕೊಳ್ಳಿ ಎಂದು ಅರ್ಥ. ಹುಮನಾಬಾದಿನಲ್ಲಿ ನೀರಿನ ಮೋಟಾರು ಸುಟ್ಟುಕೊಂಡವರೆಲ್ಲ ಒಮ್ಮೆಯಾದರೂ ಆ ಬೆಂಚಿನ ಮೇಲೆ ಕೂತವರೇ. ಹಳ್ಳಿಖೇಡದ ಕಬ್ಬಿನವರು ಬರುತ್ತಿದ್ದರು, ಬೇಮಳಖೇಡದಿಂದ ಬೈಕಿನ ಹಿಂದೆ ಮೋಟಾರು ಕಟ್ಟಿಕೊಂಡು ಬರುವವರಿದ್ದರು. ಎಷ್ಟೇ ಅವಸರವಿದ್ದರೂ ಬೆಂಚೇ ಗತಿ.

ಸುತ್ತು ಎಣಿಸುವ ಮುಳ್ಳು ಮಷೀನಿಗೇ ಇತ್ತು. ಅದು ಯಾವ ಕಾಲದಲ್ಲೋ ಕೆಟ್ಟಿತ್ತು. ಹೊಸದು ಹಾಕಿಸಿಕೊಳ್ಳಿ ಎಂದರೆ “ಹಾಕ್ಸೂಣ ತಗೋರಿ” ಅನ್ನುತ್ತಿದ್ದರು, ಹಾಕಿಸುತ್ತಿರಲಿಲ್ಲ.

ನಾನು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮನೆ ಹುಮನಾಬಾದಿನಲ್ಲಿ, ದಿನಾ ಬಸ್ಸಿನ ಓಡಾಟ. ನನ್ನ ಸಿಟ್ಟು ಶಾಲೆಯಲ್ಲೂ ಮನೆಯಲ್ಲೂ ಪ್ರಸಿದ್ಧ. ಬಿ.ಪಿ. ಏರಿದ್ದನ್ನು ನೋಡಿ ಡಾಕ್ಟರು ಮನಸ್ಸು ಶಾಂತವಾಗಿಟ್ಟುಕೊಳ್ಳಿ ಎಂದರು. ಅದು ಹೇಗೆ ಎಂದು ಹೇಳಲಿಲ್ಲ. ಆಗಲೇ ನನಗೆ ಝೆನ್ ಧ್ಯಾನ ಸಿಕ್ಕಿದ್ದು. ಕಲ್ಯಾಣದ ಕೋಟೆಯ ಕಡೆ ನಿವೃತ್ತ ಇಂಜಿನಿಯರರೊಬ್ಬರ ಮಹಡಿಯ ಮೇಲೆ ಭಾನುವಾರ ಬೆಳಿಗ್ಗೆ ಐದಾರು ಜನ ಸೇರಿ ಕೂರುತ್ತಿದ್ದೆವು. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು, ನಡುವೆ ಮನಸ್ಸು ಎಲ್ಲಿಗಾದರೂ ಹೋದರೆ ಮತ್ತೆ ಒಂದರಿಂದ. ಪಾತ್ರೆ ತಿಕ್ಕುವಾಗ ಪಾತ್ರೆ ತಿಕ್ಕುವುದೇ ಧ್ಯಾನ, ಚಹಾ ಮಾಡುವಾಗ ಚಹಾವೇ ಧ್ಯಾನ ಎಂದು ಇಂಜಿನಿಯರರು ಹೇಳುತ್ತಿದ್ದರು. ಕಾಯಕದ ಮಾತು ಬೀದಿಬೀದಿಯಲ್ಲಿ ಕೇಳುವ ಊರಿನಲ್ಲಿ ಕೂತು ಇದನ್ನು ಕಲಿಯಲು ನಾನು ಜಪಾನಿನ ದಾರಿ ಹಿಡಿದೆನಲ್ಲ ಎಂದು ಈಗ ನಗು ಬರುತ್ತದೆ. ಒಂದು ವರ್ಷವಾದರೂ ನನ್ನ ಎಣಿಕೆ ಆರು ದಾಟಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಸಂಪಿನ ಮೋಟಾರು ಸುಟ್ಟಿತು. ಸಂಜೆಗೆ ಕೊಡುತ್ತೇನೆಂದಿದ್ದ ಕಾಕಾ ಎರಡು ದಿನವಾದರೂ ಕೊಡಲಿಲ್ಲ. ಶಾಲೆಯಿಂದ ನೇರ ಅಂಗಡಿಗೆ ಹೋದೆ. ತಂತಿ ಸುತ್ತುತ್ತಿದ್ದರು, ಗದ್ದದಿಂದ ಬೆಂಚು ತೋರಿಸಿದರು. ನನಗೆ ರೇಗಿತು. ಮನೆಯಲ್ಲಿ ಕೊಡ ಹೊತ್ತು ಸೊಂಟ ಬಿದ್ದುಹೋಗಿದೆ, ನಿಮಗೆ ಮಾತಿಗೆ ಬೆಲೆಯೇ ಇಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವರ ತುಟಿ ನಿಂತಿತು. ಕೈ ನಿಂತಿತು.

“ಎಣಿಕಿ ತಪ್ಪತ್ರಿ, ಟೀಚರಬಾಯಿ,” ಎಂದರು. ದನಿಯಲ್ಲಿ ಬೇಸರವಿರಲಿಲ್ಲ.

“ಅಂದಾಜಿನ ಮ್ಯಾಲೆ ಸುತ್ರಿ. ಎರಡು ಹೆಚ್ಚು ಕಮ್ಮಿ ಆದ್ರ ಏನಾಗ್ತದ?”

“ಅದು ನಿಮಗ ತಿಳೆಂಗಿಲ್ರಿ. ಮೋಟಾರಿಗಿ ತಿಳೀತದ.”

ಸುತ್ತಿದ್ದಷ್ಟನ್ನೂ ಬಿಚ್ಚಿದರು. ತಂತಿಯನ್ನು ನೇರ ಮಾಡಿಕೊಂಡರು. “ಒಂದು” ಎಂದು ಮೊದಲ ಸುತ್ತು ಹಾಕಿದರು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಒಂದು ವರ್ಷ ಮೆತ್ತೆಯ ಮೇಲೆ ಹುಡುಕಿದ್ದು ಇಲ್ಲಿ ಗ್ರೀಸಿನ ವಾಸನೆಯಲ್ಲಿ ಕೂತಿದೆ ಎನ್ನಿಸಿತು.

ಕೆಲಸ ಮುಗಿದ ಮೇಲೆ ತಡೆಯಲಾರದೆ ಹೇಳಿದೆ. “ಕಾಕಾ, ನೀವು ಮಾಡಾಕತ್ತಿದ್ದು ಝೆನ್ ರಿ.”

“ಅದು ಯಾ ದೇಶದ್ದ್ರಿ?”

“ಜಪಾನಿಂದು.”

“ಜಪಾನ್ದೋರ ತಂತಿ ಚಲೋ ಇರ್ತದ್ರಿ.”

“ತಂತಿ ಅಲ್ರಿ ಕಾಕಾ, ಬುದ್ಧನ ದಾರಿ ಅದು.”

ಅವರು ನಿರ್ಣಾ ಹಳ್ಳಿಯ ಬೌದ್ಧ ಮನೆತನದವರು. ಅಂಗಡಿಯ ಗೋಡೆಯ ಮೇಲೆ ಹೊಗೆ ಹಿಡಿದ ಬುದ್ಧನ ಪಟವಿತ್ತು. ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಬುದ್ಧ ನಿಮ್ಮ ಮನಿಗಿ ಜಪಾನ್ ಮ್ಯಾಲಿಂದ ಬಂದಾನೇನ್ರಿ? ನಮ್ಮ ಮನಿಗಿ ನಮ್ಮಪ್ಪ ತಂದಾನ್ರಿ. ಊರವರು ಬಾವಿಗಿ ಬರಬ್ಯಾಡ ಅಂದಾಗ.” ಹೀಗೆಂದು ನಕ್ಕರು. ತಮಾಷೆ ಎಂದುಕೊಂಡು ನಾನೂ ನಕ್ಕೆ.

ಹಟ ಹಿಡಿದು ಒಂದು ಭಾನುವಾರ ಅವರನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಕಣ್ಣು ಮುಚ್ಚಿ ಎರಡು ನಿಮಿಷವಾಗಿರಲಿಕ್ಕಿಲ್ಲ, ಗೊರಕೆ ಶುರುವಾಯಿತು. ಇಂಜಿನಿಯರರು ನನ್ನತ್ತ ನೋಡಿದ ನೋಟಕ್ಕೆ ನನ್ನ ಮುಖ ಸಣ್ಣದಾಯಿತು. ಹಿಂತಿರುಗುವ ಬಸ್ಸಿನಲ್ಲಿ ಕೇಳಿದರೆ, “ಕೈ ಖಾಲಿ ಇದ್ರ ನನಗ ನಿದ್ದಿ ಬರ್ತದ್ರಿ. ಕಾಲು ಬ್ಯಾರೆ ಜೋಮು ಹಿಡೀತು,” ಎಂದರು. ನನಗೆ ಗಲಿಬಿಲಿಯಾಯಿತು. ಇವರು ಜ್ಞಾನಿಯೋ, ಬರೀ ಮೆಕ್ಯಾನಿಕ್ಕೋ? ನಾನು ಹಣೆಗೆ ಕಟ್ಟಲು ಹೊರಟ ಪಟ್ಟ ಇವರಿಗೆ ಬೇಕಿತ್ತೋ?

ಆದರೂ ಬಿಡಲಿಲ್ಲ. “ಕಾಕಾ, ನನ್ನ ಲಕ್ಷ್ಯ ಒಂದು ಕಡಿ ನಿಲ್ಲಂಗಿಲ್ಲ. ಏನು ಮಾಡಬೇಕು ಹೇಳ್ರಿ,” ಎಂದೆ. ಬಸ್ಸು ರಾಜೇಶ್ವರ ಊರನ್ನು ದಾಟಿತು. ಆಮೇಲೆ ಕೇಳಿದರು: “ಟೀಚರಬಾಯಿ, ನಿಮ್ಮ ಮನ್ಯಾಗ ಚಹಾದ ಕಪ್ಪು-ಬಸಿ ಅವ ಏನ್ರಿ?”

“ಅವ ರಿ.”

“ಅವ ಅಂದ್ರ ಆತು ಬಿಡ್ರಿ.”

ಅಷ್ಟೇ. ಹುಮನಾಬಾದು ಬಂತು, ಇಳಿದು ಹೋದರು.

ಝೆನ್ ಗುರುಗಳು ಶಿಷ್ಯರಿಗೆ ಬುಡವಿಲ್ಲದ ಪ್ರಶ್ನೆ ಕೇಳುತ್ತಾರೆ, ಶಿಷ್ಯರು ಅದನ್ನು ತಿಂಗಳುಗಟ್ಟಲೆ ಜಗಿಯುತ್ತಾರೆ ಎಂದು ಓದಿದ್ದೆ. ಕಪ್ಪು ಮತ್ತು ಅದರಡಿಯ ತಟ್ಟೆಯನ್ನು ನಾನೂ ಜಗಿದೆ. ಮುಂದಿನ ಭಾನುವಾರ ಮಹಡಿಯ ಮೇಲೆ ಎಲ್ಲರ ಮುಂದಿಟ್ಟೆ. ಕಪ್ಪು ಎಂದರೆ ಮನಸ್ಸು, ಅದು ಬರಿದಾಗಬೇಕು ಎಂದರು ಇಂಜಿನಿಯರರು. ಕಪ್ಪು ದೇಹ, ಬಸಿ ಆತ್ಮ ಎಂದರು ಒಬ್ಬ ಅಕ್ಕ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಾಕಾ ಏನು ಹೇಳಿದ್ದೆಂದು ಮಾತ್ರ ತಿಳಿಯಲಿಲ್ಲ.

ದೀಪಾವಳಿಯ ಹೊತ್ತಿಗೆ ಮೋಟಾರು ಮತ್ತೆ ಕೈಕೊಟ್ಟಿತು. ಕಾಕಾ ಮನೆಗೇ ಬಂದು ಸಂಪಿನ ಪಕ್ಕ ಕೂತು ಬಿಚ್ಚುತ್ತಿದ್ದರು. ಅತ್ತೆ ಚಹಾ ಸೋಸಿದರು. ತೆಗೆದುಕೊಂಡು ಹೋಗುವ ಕೆಲಸ ಎಂದಿನಂತೆ ನನ್ನದು. ಅವತ್ತು ಯಾಕೋ ಮನಸ್ಸು ತಿಳಿಯಾಗಿತ್ತು. ಚಹಾ ಒಯ್ಯುವಾಗ ಚಹಾ ಒಯ್ಯುವುದಷ್ಟನ್ನೇ ಮಾಡೋಣ ಎಂದುಕೊಂಡೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಅಡುಗೆಮನೆಯ ಹೊಸ್ತಿಲು, ಪಡಸಾಲೆಯ ತಣ್ಣನೆಯ ನೆಲ. ಏಳು ದಾಟಿತು, ಎಂಟು ದಾಟಿತು. ಬೆರಳು ಚುರ್ ಎಂದಿತು. ಯಾಕೆ ಸುಡುತ್ತಿದೆ ಎಂದು ನೋಡಿದರೆ ಕೈಯಲ್ಲಿ ಪೇಪರ್ ಕಪ್ಪು.

ಆರು ವರ್ಷದಿಂದ ಕಾಕಾ ನಮ್ಮ ಮನೆಗೆ ಬರುತ್ತಿದ್ದರು. ಆರು ವರ್ಷವೂ ಪೇಪರ್ ಕಪ್ಪೇ. ಹಿಂದಿನ ವಾರ ಫ್ರಿಜ್ ರಿಪೇರಿಗೆ ಬಂದಿದ್ದ ನಮ್ಮ ಜಾತಿಯವನಿಗೆ ಇದೇ ಕೈಯಿಂದ ಕಪ್ಪು-ಬಸಿಯಲ್ಲಿ ಕೊಟ್ಟಿದ್ದೆ. ಪೇಪರ್ ಕಪ್ಪಿನ ಕಟ್ಟು ಅಂಗಡಿಯಿಂದ ತಂದು ಫ್ರಿಜ್ಜಿನ ಮೇಲೆ ಇಡುವವಳೂ ನಾನೇ. ‘ಕಾಕಾ’ ಎಂದು ಕರೆಯುತ್ತೇನಲ್ಲ ಎಂದು ನನ್ನ ಬಗ್ಗೆ ನನಗೆ ಹೆಮ್ಮೆ ಬೇರೆ ಇತ್ತು.

ಆಗಲೂ ಹಿಂದಿರುಗಿ ಬದಲಾಯಿಸಿಕೊಂಡು ಬರಲಿಲ್ಲ. ಅತ್ತೆ ಏನೆನ್ನುತ್ತಾರೋ ಎಂಬ ಅಂಜಿಕೆ. ಅದೇ ಕಪ್ಪನ್ನು ಕೊಟ್ಟೆ. ಕಾಕಾ ಕುಡಿದು, ಕಪ್ಪನ್ನು ಮಡಚಿ, ಎಂದಿನಂತೆ ಹತ್ಯಾರದ ಚೀಲದಲ್ಲಿ ಹಾಕಿಕೊಂಡರು. ನಮ್ಮ ಅಂಗಳದಲ್ಲಿ ಅವರು ಅದನ್ನು ಎಸೆದದ್ದು ಒಮ್ಮೆಯೂ ಇಲ್ಲ. ಸುಟ್ಟ ಕಾಯಿಲಿಗೆ ಹೊಸ ತಂತಿ ಸುತ್ತಿ ತರುತ್ತೇನೆಂದು ಬಿಚ್ಚಿದ್ದನ್ನು ಎತ್ತಿಕೊಂಡು ಹೋದರು.

“ಅವರಿಗಿ ಯಾಕ ಕಪ್ಪಿನ್ಯಾಗ ಕೊಡಂಗಿಲ್ಲ ನಾವು?” ಎಂದು ಅತ್ತೆಯನ್ನು ಕೇಳಿದೆ.

“ಮೊದ್ಲಿಂದ ಹಂಗೇ ನಡದದವ್ವ,” ಎಂದರು ಅತ್ತೆ. “ಇವತ್ತೇನು ಹೊಸದು ನಿನಗ?”

ಹೊಸದೇನೂ ಇರಲಿಲ್ಲ. ನಾಚಿಕೆಯಾದದ್ದು ಅದಕ್ಕೇ.

ಮಾರನೆಯ ದಿನ ರಜೆ ಹಾಕಿದೆ. ಕಪಾಟಿನಲ್ಲಿದ್ದ ಒಳ್ಳೆಯ ಕಪ್ಪು-ಬಸಿ ಎರಡು ಜೊತೆ ಟವೆಲ್ಲಿನಲ್ಲಿ ಸುತ್ತಿಕೊಂಡು, ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಅಂಗಡಿಗೆ ಹೋದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಕಾಕಾ ನಮ್ಮ ಕಾಯಿಲನ್ನೇ ಸುತ್ತುತ್ತಿದ್ದರು. ಗದ್ದ ಬೆಂಚು ತೋರಿಸಿತು. ನಾನು ಕೂತು, ಸದ್ದಾಗದ ಹಾಗೆ ಚಹಾ ಬಗ್ಗಿಸಿದೆ. ಆದರೂ ಕಪ್ಪು ಬಸಿಗೆ ತಾಗಿ ಕಿಣಿ ಎಂದಿತು.

ಕಾಕಾ ತಲೆ ಎತ್ತಿದರು. ಮಷೀನಿನ ಹಿಡಿಕೆ ಬಿಟ್ಟರು.

“ಅಯ್ಯ, ಎಣಿಕಿ ಎಷ್ಟಾಗಿತ್ರಿ ಕಾಕಾ?”

“ನೂರಾ ಎಂಬತ್ತಾಗಿತ್ರಿ.” ಇನ್ನಿಪ್ಪತ್ತು ಸುತ್ತಿದ್ದರೆ ಮುಗಿಯುತ್ತಿತ್ತು. ಹಳೆಯ ಬಟ್ಟೆಗೆ ಕೈ ಒರೆಸಿಕೊಂಡು ಕಪ್ಪು ತೆಗೆದುಕೊಂಡರು. ಬಸಿಗೆ ಸುರುವಿಕೊಂಡು, ಊದಿ, ಸೊರ್ರನೆ ಕುಡಿದರು. ಮತ್ತೆ ಸುರುವಿಕೊಂಡರು. ಕೊನೆಯ ಹನಿಯವರೆಗೂ ಕುಡಿದು ಮುಗಿಸಿದರು.

“ಸಕ್ಕರಿ ಜರಾ ಕಮ್ಮಿ ಆಗ್ಯಾದ್ರಿ,” ಎಂದರು.

“ಕಾಕಾ, ತಪ್ಪಾತ್ರಿ ನಂದು,” ಎಂದೆ.

“ಸಕ್ಕರಿಗೇನು ತಪ್ಪು ತಗೋರಿ.”

ಅರ್ಥವಾಗಿಯೂ ಹಾಗೆಂದರೋ, ಆಗದೆಯೋ? ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಕಪ್ಪನ್ನು ಬಸಿಯ ಮೇಲೆ ಹುಷಾರಾಗಿ ಇಟ್ಟು ಕೊಟ್ಟರು. ನಡುವೆ ಕೈಬಿಟ್ಟು ಸಡಿಲಾಗಿದ್ದ ನೂರಾ ಎಂಬತ್ತು ಸುತ್ತನ್ನೂ ಬಿಚ್ಚಿ, ತಂತಿ ನೇರ ಮಾಡಿಕೊಂಡು, “ಒಂದು” ಎಂದರು.

ಮೋಟಾರು ಕೂಡಿಸಲು ಅವರು ಬಂದಾಗ ನಾನು ಶಾಲೆಯಲ್ಲಿದ್ದೆ, ಆಮೇಲೆ ಅವರನ್ನು ನೋಡಲಿಲ್ಲ. ಸಂಕ್ರಾಂತಿ ಕಳೆದು ವಾರಕ್ಕೆ, ಎದೆನೋವು ಎಂದು ಹೇಳುವಷ್ಟರಲ್ಲಿ ಹೋಗಿಬಿಟ್ಟರಂತೆ. ನಿರ್ಣಾಕ್ಕೆ ಹೋದೆ. ಅವರ ಹೆಂಡತಿ ಲಕ್ಷ್ಮೀಬಾಯಿ ನನ್ನನ್ನು ಒಳಗೆ ಕೂರಿಸಿ ಚಹಾ ತಂದರು. ಕಪ್ಪು-ಬಸಿಯಲ್ಲೇ. ಅಂಚಿನಲ್ಲಿ ಒಡೆದ ಬಸಿಯೊಂದು ಬುದ್ಧನ ಪಟದ ಕೆಳಗಿತ್ತು.

“ಅದು ಅವರದು. ಬಸ್ಯಾಗ ಸುರುವಿಕೊಂಡ್ರೇನೇ ಚಹಾ ಕುಡದಂಗ ಆಗ್ತದ ಅಂತಿದ್ರವ್ವ,” ಎಂದರು ಲಕ್ಷ್ಮೀಬಾಯಿ. “ಎಲ್ಲಿಗಿ ಹೋದ್ರೂ ಅದೊಂದೇ ಚಟ. ಬಸಿ ಅವ ಏನ್ರಿ ಅಂತ ಕೇಳೋರು.”

ನಾನು ಬಸಿ ಕೈಯಲ್ಲಿ ಹಿಡಿದು ಕೂತೇ ಇದ್ದೆ. ಹಾಗಾದರೆ ಅವತ್ತು ಬಸ್ಸಿನಲ್ಲಿ ಕೇಳಿದ್ದು ಬರೀ ಆ ಚಟಕ್ಕೋ? ನನ್ನನ್ನು ತಿವಿಯಲೋ? ಕಲಿಸಲೋ? ಇಂದಿಗೂ ನನಗೆ ಗೊತ್ತಿಲ್ಲ, ಕೇಳೋಣವೆಂದರೆ ಅವರೂ ಇಲ್ಲ, ಆ ಬೆಂಚೂ ಇಲ್ಲ. ಯಾವುದೇ ಇರಲಿ, ಆರು ವರ್ಷ ನಮ್ಮ ಮನೆಗೆ ಬಂದರೂ ಅವರಿಗೆ ಒಮ್ಮೆಯೂ ಚಹಾ ಕುಡಿದ ಹಾಗೆ ಆಗಿರಲಿಲ್ಲ.