ತಮ್ಮ ಕಳಿಸುತ್ತಿದ್ದ ಹಿಮದ ಕ್ಯಾಸೆಟ್ಟು

ತೊಂಬತ್ತರ ದಶಕದಲ್ಲಿ ನಾನು ಕತಾರಿನ ದುಖಾನಿನಲ್ಲಿ ಒಂದು ಎಣ್ಣೆ ಕಂಪನಿಯ ಸ್ಟೋರ್‌ಕೀಪರ್ ಆಗಿದ್ದೆ. ದೋಹಾದಿಂದ ಅಷ್ಟು ದೂರ ಬಂದರೆ ಸಿಗುವುದು ಕ್ವಾರ್ಟರ್ಸು, ಪೈಪು, ಉಪ್ಪುಗಾಳಿ, ಅಷ್ಟೇ. ಸಂಜೆ ಯಾರ ಜೊತೆಗಾದರೂ ನಾಲ್ಕು ಮಾತಾಡೋಣವೆಂದರೆ ಎಲ್ಲರೂ ಇಸ್ಪೀಟಿಗೆ ಕೂತಿರುತ್ತಿದ್ದರು. ನನಗೆ ಇಸ್ಪೀಟು ಆಗದು, ಸೋಲುವುದಂತೂ ಇನ್ನೂ ಆಗದು. ಹಾಗಾಗಿ ಕೋಣೆಯ ಬಾಗಿಲು ಹಾಕಿಕೊಂಡು ತಮ್ಮನ ಕ್ಯಾಸೆಟ್ಟು ಕೇಳುತ್ತಿದ್ದೆ.

ಆಗ ಗಲ್ಫಿನಲ್ಲಿದ್ದ ನಾವೆಲ್ಲ ಕಾಗದಕ್ಕಿಂತ ಕ್ಯಾಸೆಟ್ಟಿನಲ್ಲೇ ಹೆಚ್ಚು ಮಾತಾಡುತ್ತಿದ್ದೆವು. ಬಂದದ್ದನ್ನು ಕೇಳುವುದು, ಅದರ ಮೇಲೆಯೇ ಉತ್ತರ ತುಂಬಿಸಿ ವಾಪಸು ಕಳಿಸುವುದು. ಅವನ ದನಿಯನ್ನು ನಾನು, ನನ್ನ ದನಿಯನ್ನು ಅವನು ಅಳಿಸುತ್ತಲೇ ವರ್ಷಗಟ್ಟಲೆ ಮಾತಾಡಿದೆವು. ತಮಾಷೆಯೆಂದರೆ ನಮ್ಮ ಮನೆಮಾತು ತುಳು. ಆದರೆ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ ಕೂಡಲೇ ಇಬ್ಬರಿಗೂ ಶಾಲೆಯ ಭಾಷಣ ಸ್ಪರ್ಧೆ ನೆನಪಾಗಿ ಬಾಯಿಗೆ ಕನ್ನಡ ಬರುತ್ತಿತ್ತು. ‘ನಾನು ಇಲ್ಲಿ ಕ್ಷೇಮ, ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ’ ಎಂದೇ ಶುರುವಾಗಬೇಕು.

ತಮ್ಮ ಇದ್ದದ್ದು ಹಿಮಾಲಯದಲ್ಲಿ. ಸಮುದ್ರದ ಪಕ್ಕ ಹುಟ್ಟಿದವನು, ಕಾಲೇಜಿನಿಂದ ಪರ್ವತಾರೋಹಣದ ಶಿಬಿರಕ್ಕೆಂದು ಹೋಗಿ ಅಲ್ಲೇ ತಳವೂರಿದ. ಚಳಿಗಾಲದಲ್ಲಿ ಬೆಟ್ಟ ಹತ್ತಲು ಬರುವವರಿಗೆ ಹಿಮವನ್ನು ಓದುವುದನ್ನು ಕಲಿಸುವುದು ಅವನ ಕೆಲಸ. ಅದೇ ಪಾಠವನ್ನು ನನಗೂ ಮಾಡುತ್ತಿದ್ದ. ಹಿಮದ ಚೂರನ್ನೂ ಕಾಣದ ನಾಡಿನಲ್ಲಿ ಬನಿಯನ್ನಿನಲ್ಲಿ ಕೂತು ನಾನು ಶ್ರದ್ಧೆಯಿಂದ ಕೇಳುತ್ತಿದ್ದೆ.

“ಮೇಲಿನ ಹೊಸ ಹಿಮ ನೋಡಿ ಹೆದರುವುದಲ್ಲ ಅಣ್ಣ, ಅಡಿಯಲ್ಲಿ ಎಂತ ಉಂಟು ಅಂತ ನೋಡಬೇಕು. ಮೊದಲು ಬಿದ್ದ ಹಿಮ ಕೆಲವು ಸಲ ಸಕ್ಕರೆಯ ಹಾಗೆ ಹರಳು ಹರಳಾಗ್ತದೆ. ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಗಾಳಿ ಗಟ್ಟಿ ಪದರ ಹಾಸಿ ಹೋಗ್ತದೆ. ನೋಡಲಿಕ್ಕೆ ಚಂದ, ಕಾಲಿಟ್ಟರೆ ಮುಗಿಯಿತು.”

ಯಾವ ಇಳಿಜಾರು ಅಪಾಯ ಎಂದು ನಾನು ಕೇಳಿ ಕಳಿಸಿದ್ದೆ. ನಮ್ಮ ಊರಮನೆಯ ಹಂಚಿನ ಮಾಡಿನಷ್ಟು ಓರೆಯಾಗಿದ್ದರೆ ಅದೇ ದೊಡ್ಡ ಅಪಾಯ ಎಂದು ಎರಡು ತಿಂಗಳ ಮೇಲೆ ಉತ್ತರ ಬಂತು. ತೀರಾ ಕಡಿದಾದ ಕಡೆ ಹಿಮ ಹೆಚ್ಚು ನಿಲ್ಲುವುದಿಲ್ಲ, ಸಪಾಟಾದ ಕಡೆ ಜಾರುವುದಿಲ್ಲ. ಅಂಥ ಜಾಗವನ್ನು ದಾಟಲೇಬೇಕಾದರೆ ಒಬ್ಬೊಬ್ಬರೇ ದಾಟಬೇಕು, ಉಳಿದವರು ಅವನ ಮೇಲಿಂದ ಕಣ್ಣು ತೆಗೆಯಬಾರದು. ಕುಸಿದರೆ ಅವನು ಕೊನೆಗೆ ಕಂಡ ಜಾಗ ಗೊತ್ತಿರಬೇಕಲ್ಲ. ಇನ್ನೊಂದು ಮಾತನ್ನು ಅವನು ಎರಡೆರಡು ಸಲ ಹೇಳುತ್ತಿದ್ದ. “ಕೆಲವು ಸಲ ಕಾಲಡಿಯಲ್ಲಿ ಹಿಮ ‘ಹುಂ’ ಅನ್ನುತ್ತದೆ. ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗ್ತದೆ. ಅದು ಕೇಳಿದ ಮೇಲೆ ಮುಂದೆ ಹೋಗುವುದಿಲ್ಲ. ಹಿಂದೆ ತಿರುಗುವುದೇ.”

ಒಂದು ಚಳಿಗಾಲ ಕ್ಯಾಸೆಟ್ಟು ಬರಲಿಲ್ಲ. ಅಕ್ಕ ಮಂಗಳೂರಿನಿಂದ ಕಂಪನಿಯ ಆಫೀಸಿಗೆ ಫೋನ್ ಮಾಡಿದಳು. ತಮ್ಮ ಕರೆದುಕೊಂಡು ಹೋದ ತಂಡದ ಮೇಲೆ ಹಿಮ ಕುಸಿದಿತ್ತು. ತಮ್ಮನನ್ನು ಜೀವಂತವಾಗಿ ಅಗೆದು ತೆಗೆದರು. ಅವನ ಶಿಷ್ಯನೊಬ್ಬ ಉಳಿಯಲಿಲ್ಲ. ತಮ್ಮ ಕೆಲಸ ಬಿಟ್ಟು ಅಕ್ಕನ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾನೆ, ನೀನೇ ಏನಾದರೂ ಮಾಡು ಎಂದಳು.

ಕಂಡಕಂಡವರ ಕೈಕಾಲು ಹಿಡಿದು ಒಬ್ಬ ಕಂಟ್ರಾಕ್ಟರನ ಹತ್ತಿರ ಅವನಿಗೊಂದು ಟೈಂಕೀಪರ್ ಕೆಲಸ ಹೊಂದಿಸಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ನನ್ನ ಆಸೆಯೂ ಇತ್ತು. ತಿಂಗಳುಗಟ್ಟಲೆ ಉತ್ತರಕ್ಕೆ ಕಾಯುವುದು ತಪ್ಪುತ್ತದೆ, ಇನ್ನು ಮನೆಯವನೇ ಕೋಣೆಯಲ್ಲಿರುತ್ತಾನೆ ಎಂದು ಕುಣಿದಾಡಿದ್ದೆ. ಇನ್ನೊಂದು ಮಂಚ ತರಿಸಿದೆ. ಮೀನುಸಾರು ಮಾಡಿಟ್ಟೆ.

ಅವನು ಬಂದ, ಆದರೆ ಮಾತು ಬರಲಿಲ್ಲ. ಊಟ ಆಯಿತಾ, ಆಯಿತು. ಡ್ಯೂಟಿ ಎಷ್ಟು ಹೊತ್ತಿಗೆ, ಹೀಗೆ. ತುಳುವಿನಲ್ಲಿ ನಾವು ಆಡುತ್ತಿದ್ದದ್ದು ಇಷ್ಟೇ. ಚಿಕ್ಕಂದಿನಲ್ಲೂ ಇಷ್ಟೇ ಇತ್ತೋ ಏನೋ, ನನಗೆ ನೆನಪಾಗಲಿಲ್ಲ. ಆ ಸೆಕೆಯಲ್ಲೂ ಏಸಿ ಹಾಕಲು ಬಿಡುತ್ತಿರಲಿಲ್ಲ. ಹಿಮದಲ್ಲಿದ್ದವನಿಗೆ ಚಳಿ ಸಾಕಾಗಿರಬೇಕೆಂದುಕೊಂಡು ಬೆವರುತ್ತ ಮಲಗುತ್ತಿದ್ದೆ. ಕೋಣೆಯಲ್ಲಿ ಒಬ್ಬನೇ ಇದ್ದಾಗಿನ ಒಂಟಿತನವನ್ನು ಬಲ್ಲೆ. ಇಬ್ಬರಿದ್ದೂ ಒಂಟಿಯಾಗಿರುವುದು ಅದಕ್ಕಿಂತ ಕೆಟ್ಟದ್ದು.

ಚಳಿಗಾಲದ ಒಂದು ಶುಕ್ರವಾರ, ಅವನ ಮನಸ್ಸು ತಿಳಿಯಾಗಲೆಂದು, ಸ್ಟೋರಿನ ಇಬ್ಬರು ಮಲಯಾಳಿಗಳ ಜೊತೆ ಪಿಕಪ್ಪಿನಲ್ಲಿ ದೋಹಾದ ಆಚೆಯ ಮರಳುಗುಡ್ಡಗಳಿಗೆ ಕರೆದುಕೊಂಡು ಹೋದೆ. ಅಲ್ಲಿಯ ಮರಳು ಜಾರುವಾಗ ಹಾಡುತ್ತದೆ. ರಟ್ಟಿನ ತುಂಡಿನ ಮೇಲೆ ಕೂತು ಜಾರುತ್ತ ಆ ಸದ್ದು ಕೇಳುವುದು ನಮಗೆಲ್ಲ ಆಟ. ಇಳಿಜಾರು ಎಂದರೆ ತಮ್ಮನಿಗೆ ಪ್ರಾಣ, ಖುಷಿಪಡುತ್ತಾನೆ ಎಂದೇ ನನ್ನ ಲೆಕ್ಕ. ಗುಡ್ಡದ ಆ ಮಗ್ಗುಲು ಸರಿಯಾಗಿ ನಮ್ಮ ಹಂಚಿನ ಮಾಡಿನಷ್ಟು ಓರೆಯಾಗಿತ್ತು. ನಾನು ಅದನ್ನು ಯೋಚಿಸಲೇ ಇಲ್ಲ.

ಮಲಯಾಳಿಗಳಿಬ್ಬರೂ ಅರಬರ ಹಾಗೆ ‘ಯಲ್ಲಾ’, ನಡಿ ನಡಿ ಎಂದು ಕೂಗಿ ಒಟ್ಟಿಗೆ ಜಾರಿದರು. ಮರಳು ಹಾಳೆಯಂತೆ ಕಳಚಿಕೊಂಡು ಅವರ ಹಿಂದೆಯೇ ಇಳಿಯಿತು. ಹುಂ ಎಂಬ ಸದ್ದು ನಮ್ಮ ಕಾಲೊಳಗಿಂದ ಎದ್ದು ಗುಡ್ಡವನ್ನೆಲ್ಲ ತುಂಬಿತು.

“ರುಕೋ! ಏಕ್ ಏಕ್ ಕರ್ಕೆ!” ನಿಲ್ಲಿ, ಒಬ್ಬೊಬ್ಬರೇ ಎಂದು ತಮ್ಮ ಹಿಂದಿಯಲ್ಲಿ ಕಿರುಚಿದ. ಮರುಕ್ಷಣ ಕೆಳಕ್ಕೆ ಓಡುತ್ತಿದ್ದ. ಒಬ್ಬ ಮಲಯಾಳಿ ತಳದಲ್ಲಿ ಮಗುಚಿಬಿದ್ದು, ಸೊಂಟದವರೆಗೆ ಮರಳು ಮುಚ್ಚಿಕೊಂಡು ನಗುತ್ತಿದ್ದ. ತಮ್ಮ ಅವನ ಪಕ್ಕ ಮಂಡಿಯೂರಿ ಎರಡೂ ಕೈಗಳಿಂದ ಅಗೆಯತೊಡಗಿದ. ಅವನ ಮುಖ ನೋಡಿ ಮಲಯಾಳಿಯ ನಗು ನಿಂತಿತು. “ಖಲಾಸ್ ಭಾಯಿ, ಮೈ ಠೀಕ್ ಹೂಂ,” ಸಾಕು ಬಿಡು ಎಂದು ತಡೆದು ತಾನೇ ಕಾಲು ಎಳೆದುಕೊಂಡು ಎದ್ದ. ತಮ್ಮ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಎಣಿಸಿದ. ಮತ್ತೆ ಎಣಿಸಿದ. ಅವನನ್ನೂ ಸೇರಿಸಿ ಇದ್ದದ್ದೇ ನಾಲ್ಕು ಜನ.

ನಮ್ಮ ಕೋಣೆಯ ಏಸಿಯ ಸದ್ದೂ ‘ಹುಂ’ ಎಂದೇ ಅಲ್ಲವೇ ಎಂದು ನನಗೆ ಹೊಳೆದದ್ದು ವಾಪಸು ಬರುವಾಗ. ಇವನು ಹೀಗೇ ಒಳಗೊಳಗೆ ಹೂತುಹೋಗುತ್ತಾನೆ, ನಾನು ಪಕ್ಕದ ಮಂಚದಲ್ಲಿ ಬಿದ್ದುಕೊಂಡು ನೋಡುತ್ತಿರಬೇಕೆಂದು ಭಯವಾಯಿತು.

ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ನಮಗಿಬ್ಬರಿಗೂ ಗೊತ್ತಿದ್ದ ದಾರಿ ಒಂದೇ. ಮರುದಿನ ಡ್ಯೂಟಿಗೆ ಹೊರಡುವ ಮುಂಚೆ ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟು, ಒಂದು ಖಾಲಿ ಕ್ಯಾಸೆಟ್ಟು ಹಾಕಿ, ಏನೂ ಹೇಳದೆ ಹೋದೆ. ಸಂಜೆ ಬಂದಾಗ ಅದು ಹಾಗೆಯೇ ಇತ್ತು. ಮರುದಿನವೂ, ಅದರ ಮರುದಿನವೂ. ಎತ್ತಿಡೋಣವೆಂದುಕೊಳ್ಳುವ ಹೊತ್ತಿಗೆ ಒಂದು ಮಧ್ಯಾಹ್ನ ನೋಡುತ್ತೇನೆ, ಟೇಪು ಅರ್ಧ ಸುತ್ತಿದೆ. ಅವನು ಡ್ಯೂಟಿಗೆ ಹೋಗಿದ್ದ. ರಿವೈಂಡ್ ಮಾಡಿ ಕೇಳಿದೆ.

“ನಾನು ಇಲ್ಲಿ ಕ್ಷೇಮ ಅಣ್ಣ, ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ.” ಕೈ ಚಾಚಿದರೆ ಸಿಗುವ ಮಂಚದಿಂದ ಹೇಳಿದ ಮಾತು.

“ಆ ದಿನ ಒಳ್ಳೆ ಬಿಸಿಲು. ಕಾಲಡಿಯಲ್ಲಿ ಹುಂ ಅಂತ ಕೇಳಿತು. ನಾನು ಎಲ್ಲರನ್ನೂ ಹಿಂದೆ ತಿರುಗಿಸಿದೆ ಅಣ್ಣ. ವಾಪಸಿನ ದಾರಿಯ ಇಳಿಜಾರನ್ನು ಒಬ್ಬೊಬ್ಬರನ್ನೇ ದಾಟಿಸಿದೆ, ಎಣಿಸುತ್ತಾ ನಿಂತಿದ್ದೆ. ನಾನು ಮತ್ತು ಆ ಹುಡುಗ ಮಾತ್ರ ಉಳಿದಿದ್ದದ್ದು. ಅವನು ನಡುವಿನಲ್ಲಿ ಇದ್ದ. ನಾನು ಕಣ್ಣು ತೆಗೆಯಲಿಲ್ಲ. ನೋಡ್ತಾ ಇದ್ದ ಹಾಗೆಯೇ ಇಳಿಜಾರು ಕುಸಿದು, ನಾನು ನಿಂತ ಜಾಗವನ್ನೂ ಎಳೆದುಕೊಂಡು ಹೋಯಿತು. ತಪ್ಪು ಮಾಡಿದ್ದರೆ ತಪ್ಪಾಯ್ತು ಅಂತ ಹೇಳಬಹುದಿತ್ತು. ಎಲ್ಲ ಸರಿಯಾಗಿಯೇ ಮಾಡಿದ್ದೆ ಅಣ್ಣ. ಇದನ್ನು ಯಾರ ಹತ್ತಿರ ಹೇಳುವುದು?” ಕೊನೆಯಲ್ಲಿ, ಯಾವಾಗಲೂ ಹೇಳುವಂತೆ, “ಉತ್ತರ ಕಳಿಸು.”

ಮುಖ ಮುಚ್ಚಿಕೊಂಡು ಅತ್ತೆ. ಆಮೇಲೆ ಅವನ ಮಾತಿನ ಮೇಲೆ ತುಂಬಿಸಲು ಮನಸ್ಸು ಬಾರದೆ, ಮೊದಲ ಸಲ ಕ್ಯಾಸೆಟ್ಟನ್ನು ಮಗುಚಿ ಹಾಕಿ ಕೆಂಪು ಗುಂಡಿ ಒತ್ತಿದೆ. ನಾನು ಇಲ್ಲಿ ಕ್ಷೇಮ ಎಂದು ಶುರು ಮಾಡಿ ನಿಂತೆ. “ಇಲ್ಲ ಮಾರಾಯ, ಕ್ಷೇಮ ಎಂತದೂ ಇಲ್ಲ. ಯಾವ ಕ್ಯಾಸೆಟ್ಟಿನಲ್ಲಿ ಹೇಳಿದ್ದೂ ನಿಜ ಅಲ್ಲ. ನೀನು ಬರುವ ಮೊದಲು ಈ ಕೋಣೆಯಲ್ಲಿ ನಾನೊಬ್ಬನೇ ಮಾತಾಡಿಕೊಳ್ತಿದ್ದೆ. ನೀನು ಬಂದ ಮೇಲೆ ಅದೂ ನಿಂತಿದೆ.”

ಬೆನ್ನ ಹಿಂದೆ ಬಾಗಿಲು ಯಾವಾಗ ತೆರೆಯಿತೋ ಗೊತ್ತಾಗಲಿಲ್ಲ. ತಿರುಗಿದರೆ ತಮ್ಮ ತನ್ನ ಮಂಚದ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಗುಂಡಿ ಒತ್ತಿಯೇ ಇತ್ತು. ನಾನು ನಿಲ್ಲಿಸಲು ಕೈ ಚಾಚಿದೆ. ಬೇಡ, ಇರಲಿ ಎಂದ.

ಆ ಕ್ಯಾಸೆಟ್ಟು ಈಗಲೂ ನನ್ನ ಹತ್ತಿರ ಇದೆ. ಅದರ ಮೇಲೆ ಮತ್ತೇನನ್ನೂ ತುಂಬಿಸಲಿಲ್ಲ. ಎರಡನೆಯ ಮಗ್ಗುಲಿನಲ್ಲಿ ನನ್ನ ನಾಲ್ಕು ಸಾಲು ಕನ್ನಡ ಮುಗಿದ ಮೇಲೆ ಕೊನೆಯವರೆಗೂ ಇರುವುದು ತುಳು, ಇಬ್ಬರದ್ದೂ.