ಮೇಷ್ಟ್ರು ಬರೆದ ಕ್ಷೇಮ ಸಮಾಚಾರ

ಮೊನ್ನೆ ಕಪಾಟು ಒರೆಸುವಾಗ ತಳದಲ್ಲಿ ಬರೆಯದ ಒಂದು ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ಅಂಚಿನ ಹಳೆಯ ಅಂಟಿನ ವಾಸನೆ ಮೂಗಿಗೆ ತಾಗಿದ್ದೇ ಬಸವಾಪಟ್ಟಣದ ಮೇಷ್ಟ್ರು ನೆನಪಾದರು…

ಎಪ್ಪತ್ತರ ದಶಕದ ಕೊನೆ. ನಾನು ಅಲ್ಲಿಯ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಿವೃತ್ತರಾಗಿದ್ದ ಮೇಷ್ಟ್ರು ತಮ್ಮ ಮನೆಯ ಮುಂದಿನ ಕೋಣೆ ಕೊಟ್ಟಿದ್ದರು. ಜ್ವರ ಬಂದಾಗ ಮೂರು ದಿನ ಗಂಜಿ ಕುಡಿಸಿದವರೂ ಅವರೇ. ಓದು ಬಾರದ ಹೆಂಗಸರು ಅವರ ಜಗಲಿಗೆ ಬಂದು ತವರಿಗೆ ಕಾಗದ ಬರೆಸುತ್ತಿದ್ದರು. ಬರೆದದ್ದನ್ನು ಓದಿ ಹೇಳುವುದು ರೂಢಿ. ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಗೆ ಹೊರಟಾಗ ಅವನ್ನು ಅಂಟಿಸಿ ಅಂಚೆ ಡಬ್ಬಿಗೆ ಹಾಕುವುದು ನನ್ನ ಕೆಲಸ.

ಒಂದು ಭಾನುವಾರ ಎದುರು ಮನೆಯ ಸೊಸೆ ಕೊಡ ಹಿಡಿದು ಬಂದಳು. ಜಗಳೂರು ಕಡೆಯವಳು. ಗಂಡ ಹೊಡೆಯುವುದು ಬೀದಿಗೆಲ್ಲ ಕೇಳಿಸುತ್ತಿತ್ತು.

“ಅಪ್ಪ ಬಂದು ಕರ್ಕಂಡು ಹೋಗ್ಲಿ ಅಂತ ಬರೀರಿ ಮೇಷ್ಟ್ರೇ. ಇನ್ನು ಇಲ್ಲಿ ಇರಾಕೆ ಆಗಲ್ಲ. ದಪ್ಪಗೆ ಬರೀರಿ, ನಮ್ಮೂರಾಗೆ ಓದೋರಿಗೆ ಕಣ್ಣು ಮಂಜು.”

ಮೇಷ್ಟ್ರು ಬರೆದರು. ಅವಳು ಹೇಳಿದ್ದನ್ನೇ ಗಟ್ಟಿಯಾಗಿ ಓದಿದರು. ಅವಳು ಸಮಾಧಾನದಿಂದ ಹೋದಳು.

ಮರುದಿನ ಅಂಟಿಸುವಾಗ ಅಕ್ಷರದ ಮೇಲೆ ಕಣ್ಣು ಹಾಯಿತು: ‘ನಾನು ಇಲ್ಲಿ ಸುಖವಾಗಿದ್ದೇನೆ. ಸದ್ಯಕ್ಕೆ ಯಾರೂ ಬರುವುದು ಬೇಡ.’

“ಇದೇನು ಮೇಷ್ಟ್ರೇ?” ಎಂದೆ.

“ಒಂದು ಸಂಸಾರ ಮುರಿಯಾಕೆ ನನ್ನ ಕೈಲಿ ಆಗಲ್ಲ ತಮ್ಮಾ. ನಾಲ್ಕು ದಿನ ತಡ್ಕಂಡ್ರೆ ಸರಿ ಹೋಗ್ತೈತೆ. ಹಿಂಗೆ ಎಷ್ಟು ಮನೆ ಉಳಿಸೀನಿ ಗೊತ್ತಾ?”

ಅವರ ಮುಖದಲ್ಲಿ ಕಪಟವಿರಲಿಲ್ಲ. ನನಗೆ ಗಂಜಿ ಕುಡಿಸಿದ ಕೈ ಅದು… ಒಂಬತ್ತೂವರೆಗೆ ಕಾಗದ ಡಬ್ಬಿಗೆ ಬಿತ್ತು.

“ಅಣ್ಣಾರೇ, ಕಾಗದ ಹಾಕಿದ್ರಾ?” ನಲ್ಲಿಯ ಹತ್ತಿರ ಅವಳು ಕೇಳುತ್ತಿದ್ದಳು.

“ಹಾಕ್ದೆನಮ್ಮಾ.”

ಅಪ್ಪ ಬರಬೇಕಾದ ದಾವಣಗೆರೆ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಾನು ನಲ್ಲಿಗೆ ಹೋಗುವ ಹೊತ್ತು ಬದಲಿಸಿದೆ. ಅವಳು ಇನ್ನೊಂದು ಕಾಗದ ಬರೆಸಲಿಲ್ಲ.

ಎರಡು ತಿಂಗಳಿಗೆ ಅವಳ ಅಪ್ಪ ತೀರಿಕೊಂಡ ಸುದ್ದಿ ಬಂತು. ಮೇಷ್ಟ್ರೇ ಓಡಾಡಿ ಕಾರು ಗೊತ್ತು ಮಾಡಿದರು, ಗಂಡನನ್ನು ಗದರಿಸಿ ಒಪ್ಪಿಸಿದರು. ಅವಳು ಹೊಸ್ತಿಲು ದಾಟಲಿಲ್ಲ.

“ನಾನು ಕರೆದಾಗ ಬರ್ಲಿಲ್ಲ ಅವ್ನು. ಈಗ ನಾನ್ಯಾಕೆ ಹೋಗ್ಲಿ?”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಆಮೇಲೆ ಅವರು ಹೋಗಿ ಕಾರನ್ನು ವಾಪಸು ಕಳಿಸಿದರು…

ಮೇಷ್ಟ್ರು ತೀರಿಹೋದಾಗ ಊರೇ ಅತ್ತಿತು. ಅವಳೂ ಪಾದ ಮುಟ್ಟಿ ಅತ್ತಳು. ಅವರನ್ನು ಕೆಟ್ಟವರೆನ್ನಲು ಇಂದಿಗೂ ನನಗೆ ಬಾಯಿ ಬರುವುದಿಲ್ಲ. ಆ ಕಾಗದವನ್ನು ಬರೆಸಿದ್ದು ಅವರ ಒಳ್ಳೆಯತನವೇ. ನನ್ನದು ಬರೀ ಪುಕ್ಕಲುತನ.

ಈ ವಾರ ಅವಳಿಗೆ ನಿಜ ಹೇಳಿಯೇಬಿಡೋಣವೆಂದು ಬಸವಾಪಟ್ಟಣಕ್ಕೆ ಹೋದೆ. ಅವಳ ಮಗಳು ಬಾಗಿಲು ತೆಗೆದಳು.

“ಅವ್ವ ಹೋಗಿ ಎರಡು ವರ್ಷ ಆತು. ಏನಾಗ್ಬೇಕಿತ್ತು ಅಜ್ಜಾ?”

ಏನಿಲ್ಲವ್ವಾ ಎಂದು ಹೇಳಿ ಬಸ್ಸು ಹತ್ತಿದೆ.