ಸರ್ವರ್ ಇಡುವ ಮೂಲೆ

ಗೆಳೆಯರೇ, ಓದಿ ಬೈಯಬೇಕೆನಿಸಿದರೆ ಬೈದುಬಿಡಿ. ಇವತ್ತು ಮುಂಬೈ ಹತ್ತಿರದ ಡೊಂಬಿವಲಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಹೋಗಿದ್ದೆ. ಅವರಿಗಾಗಿ ನಾವು ಮಾಡುತ್ತಿರುವ ಸಾಫ್ಟ್‌ವೇರಿನ ಸರ್ವರ್ ಎಲ್ಲಿಡಬೇಕೆಂದು ಗೊತ್ತುಮಾಡುವ ಕೆಲಸ ನನ್ನದು. ನೆಲಮಹಡಿಯ ಸ್ಟೋರ್ ರೂಮಿನ ಮೂಲೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಡ್ರಮ್ ಹೊತ್ತು ಬಂದ ಹಮಾಲನೊಬ್ಬ, "ಸಾಬ್, ಇಧರ್ ಮತ್ ರಖೋ" ಎಂದು, ಇಲ್ಲಿಡಬೇಡಿ ಎಂದು ಹಿಂದಿಯಲ್ಲಿ ತಡೆದ.

ಇಲ್ಲಿ ಯಾರಿಗೆ ಕನ್ನಡ ತಿಳಿದೀತೆಂಬ ಧೈರ್ಯದಲ್ಲಿ ನಾನು ಸಹೋದ್ಯೋಗಿ ಸುಜಾತಾಗೆ, "ಸರ್ವರ್ ಅಂದ್ರೆ ಎಂತ ಅಂತ ಇವನಿಗೆ ಗೊತ್ತುಂಟಾ ಮಾರಾಯ್ತಿ?" ಎಂದೆ.

ಅವನು ಡ್ರಮ್ಮನ್ನು ಮೆಲ್ಲಗೆ ಕೆಳಗಿಟ್ಟ. "ಸರ್ವರ್ ಗೊತ್ತಿಲ್ರೀ ಸರ. ನೀರು ಗೊತ್ತದ. ಹೋದ ಮಳಿಗಾಲದಾಗ ಇಲ್ಲಿ ನನ್ನ ಮೊಣಕಾಲ ಮಟ ನಿಂತಿತ್ತು."

ಕಲಬುರಗಿಯ ಭೀಮಣ್ಣ. ಹೆಸರು, ಊರು ಕೇಳಿದ್ದು ಸುಜಾತಾ. ನಾನು ತಲೆ ತಗ್ಗಿಸಿ, ಬೂಟಿನಿಂದ ಆ ಗುರುತನ್ನು ಅಳಿಸುತ್ತಿದ್ದೆ.

ಸರ್ವರ್ ಮೇಲಿನ ಮಹಡಿಯಲ್ಲಿರಲಿ, ಕೆಳಗೆ ಮಳೆಗಾಲದಲ್ಲಿ ಮೊಣಕಾಲ ಮಟ್ಟ ನೀರು ನುಗ್ಗುತ್ತದೆ ಎಂದು ವರದಿ ಕಳಿಸಿದೆ. ಸಂಜೆ ಮಹಾಪೆಯ ನಮ್ಮ ಆಫೀಸಿನಿಂದ ಬಾಸ್ ಫೋನ್ ಮಾಡಿ, "ನೀರಿನ ಪಾಯಿಂಟ್ ಏಕದಮ್ ಬರೋಬರ್!" ಎಂದು ಹೊಗಳಿದರು. ನಾನು "ಥ್ಯಾಂಕ್ಯೂ ಸರ್" ಎಂದುಬಿಟ್ಟೆ.

ಅವರಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ: ವರದಿಯಲ್ಲಿರುವ ಹೆಸರು ನನ್ನದು, ಮೊಣಕಾಲು ಭೀಮಣ್ಣನದು.